ಸೀಸದ ಗುಂಡೂ ಅಜ್ಜಿಯ ಕಾಡಿಗೆಯೂ

2004ರಲ್ಲಿ ನಾನು ಸ್ಯಾನ್ ಡಿಯಾಗೋ ಕಡೆಯ ಪೊವೇಯಲ್ಲಿ ಮಕ್ಕಳ ಡಾಕ್ಟರಾಗಿದ್ದೆ. ಇಬ್ಬರು ಡಾಕ್ಟರುಗಳ ಸಣ್ಣ ಕ್ಲಿನಿಕ್. ಹುಬ್ಬಳ್ಳಿಯಲ್ಲಿ ಓದಿ ಬಂದವಳು ಎಂಬ ಒಂದೇ ಕಾರಣಕ್ಕೆ ಉತ್ತರ ಕರ್ನಾಟಕದ ಇಂಜಿನಿಯರ್ ಕುಟುಂಬಗಳು ಹತ್ತಿರದ ಡಾಕ್ಟರನ್ನು ಬಿಟ್ಟು ಕಾರ್ಮೆಲ್ ವ್ಯಾಲಿಯಿಂದ ನನ್ನ ತನಕ ಡ್ರೈವ್ ಮಾಡಿಕೊಂಡು ಬರುತ್ತಿದ್ದವು. ಜೊತೆಗೆ ಊರಿಂದ ಬಂದ ಅಜ್ಜಿಯರೂ ಬರುತ್ತಿದ್ದರು, ಮಗುವಿನ ಹೊಟ್ಟೆನೋವನ್ನು ಕನ್ನಡದಲ್ಲೇ ವಿವರಿಸಲು. ನಿವೃತ್ತಳಾದ ಮೇಲೆ, ಮರೆಯಲಾಗದ ಕೇಸು ಯಾವುದು ಎಂದು ಜನ ಕೇಳುತ್ತಾರೆ. ಜೀವ ಉಳಿಸಿದ ಕಥೆ ಬರುತ್ತದೆಂದು ಕಾಯುತ್ತಾರೆ. ನನಗೆ ಮೊದಲು ನೆನಪಾಗುವುದು ಹೇಸಿಗೆ ಹುಟ್ಟಿಸಿದ ಕೇಸು. ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ. ಸಿಟ್ಟನ್ನು ಬದಲಿಸಿಲ್ಲ.

ಮಗುವಿನ ಹೆಸರು ಅನಘಾ. ಎರಡು ವರ್ಷ. ತಾಯಿ ಸುಧಾ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದಳು. ತಂದೆ ಮಹೇಶ ಟೆಲಿಕಾಂ ಇಂಜಿನಿಯರ್. ಸುಧಾ ಚಳಿಗಾಲದಲ್ಲಿ ಮಗುವನ್ನು ಕರೆದುಕೊಂಡು ಗದಗಿಗೆ ಹೋಗಿ, ಏಪ್ರಿಲಿನಲ್ಲಿ ತನ್ನ ತಾಯಿ ಶಾಂತವ್ವನವರನ್ನೂ ಜೊತೆಗೆ ಕರೆದುಕೊಂಡು ಬಂದಿದ್ದಳು. ಹೊರದೇಶದಿಂದ ಬಂದ ಮಕ್ಕಳಿಗೆ ರಕ್ತದಲ್ಲಿ ಸೀಸ ಇದೆಯೇ ಎಂದು ನೋಡುವುದು ನಮ್ಮಲ್ಲಿ ರೂಢಿ. ಮೇ ತಿಂಗಳಲ್ಲಿ ನೋಡಿದೆವು. ಹತ್ತೊಂಬತ್ತು ಬಂತು.

ಈ ಅಂಕಿಯ ಅರ್ಥ ಹೇಳಿಬಿಡುತ್ತೇನೆ. ಸೀಸ ನಮ್ಮ ದೇಹಕ್ಕೆ ಯಾವ ಉಪಯೋಗಕ್ಕೂ ಬಾರದ ಲೋಹ. ದೊಡ್ಡವರಿಗಿಂತ ಚಿಕ್ಕ ಮಕ್ಕಳ ಹೊಟ್ಟೆ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ, ಬೆಳೆಯುವ ಮಿದುಳಿಗೆ ಅದು ಮಾಡಿದ ಕೇಡು ಮಾಡಿದ್ದೇ. ಆಗಿನ ಲೆಕ್ಕದಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಹತ್ತು ಮೈಕ್ರೋಗ್ರಾಂ ಮುಟ್ಟಿದರೆ ನಾವು ಎಚ್ಚರಗೊಳ್ಳಬೇಕು. ನಲವತ್ತೈದು ಮುಟ್ಟಿದರೆ ಕೀಲೇಶನ್, ಅಂದರೆ ಲೋಹವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿ ಶುರು ಮಾಡಬೇಕು. ಅದು ಸುಲಭದ ಔಷಧಿಯಲ್ಲ. ಅದಕ್ಕೂ ಮೊದಲು ಮಾಡಬೇಕಾದ ಒಂದೇ ಕೆಲಸ, ಸೀಸ ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿದು ಅದನ್ನು ನಿಲ್ಲಿಸುವುದು.

ರಿಸಲ್ಟ್ ಹೇಳಿದಾಗ ಅನಘಾ ಅಜ್ಜಿಯ ತೊಡೆಯ ಮೇಲೆ ಕೂತಿದ್ದಳು. ಕಣ್ಣಿಗೆ ಎರಡೂ ಕಡೆ ದಪ್ಪಗೆ ಕಾಡಿಗೆ, ಕೆನ್ನೆಗೊಂದು ದೃಷ್ಟಿಬೊಟ್ಟು. ನನ್ನ ನರ್ಸ್ ಆ ಕಣ್ಣುಗಳನ್ನೇ ನೋಡಿದಳು. ಅಂಗಡಿಯ ಕೆಲವು ಸುರ್ಮಾ, ಕಾಡಿಗೆಗಳಲ್ಲಿ ಸೀಸ ಇರುವುದು ಉಂಟು, ಹಾಗಾಗಿ ಕೇಳಲೇಬೇಕಾದ ಪ್ರಶ್ನೆ. ಶಾಂತವ್ವ ಸಂತೋಷದಿಂದಲೇ ಹೇಳಿದರು. ಮನೆಯಲ್ಲೇ ಮಾಡಿದ್ದು, ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಕೂತ ಮಸಿಯನ್ನು ತುಪ್ಪದಲ್ಲಿ ಕಲಸಿದ್ದು. ತಾನು ಸುಧಾಗೂ ಅದನ್ನೇ ಹಚ್ಚಿದ್ದು, ತನಗೆ ತನ್ನ ಅವ್ವ ಹಚ್ಚಿದ್ದೂ ಅದನ್ನೇ. ಮಸಿಯಲ್ಲಿ ಸೀಸ ಎಲ್ಲಿಂದ ಬರಬೇಕು ಎಂದು ನನಗೂ ಅನ್ನಿಸಿತು. ಆದರೆ ಅನ್ನಿಸಿದ್ದು ಲ್ಯಾಬ್ ರಿಪೋರ್ಟ್ ಅಲ್ಲವಲ್ಲ. ಡಬ್ಬಿಯನ್ನು ಪರೀಕ್ಷೆಗೆ ಕಳಿಸೋಣ, ಅಲ್ಲಿಯ ತನಕ ಹಚ್ಚುವುದು ಬೇಡ ಎಂದೆ.

ಅಂದು ಸಂಜೆಯೇ ಮಹೇಶನ ಫೋನ್ ಬಂತು. ಕ್ಲಿನಿಕ್ಕಿಗೆ ಒಮ್ಮೆಯೂ ಬರದಿದ್ದ ಮನುಷ್ಯ. "ಆಂಟಿ, ಕಾಡಿಗೆನೇ ಇರ್ಬೇಕು. ನಾನು ಮೊದಲಿಂದ ಹೇಳ್ತಾನೇ ಇದ್ದೆ, ಇವರು ಕೇಳಲ್ಲ," ಎಂದ. ಮಗುವಿಗೆ ಏನಾಗುತ್ತದೆ ಎಂದು ಕೇಳುವುದಕ್ಕೆ ಮೊದಲೇ ಇದನ್ನು ಹೇಳಿದ. ಗಾಬರಿಯಲ್ಲಿದ್ದಾನೆ ಪಾಪ ಎಂದುಕೊಂಡೆ.

ಇಂಥ ಕೇಸುಗಳಲ್ಲಿ ಆರೋಗ್ಯ ಇಲಾಖೆಯಿಂದ ಒಬ್ಬ ತನಿಖಾಧಿಕಾರಿ ಮನೆಗೆ ಹೋಗುತ್ತಾರೆ. ನಮ್ಮ ಕೇಸಿಗೆ ಬಂದವಳು ಅನುಭವಸ್ಥ ಹೆಂಗಸು, ಆಮೇಲೆ ನನಗೆ ಎಲ್ಲವನ್ನೂ ವಿವರವಾಗಿ ಹೇಳಿದಳು. ಮನೆ ಹೊಸದು, ಹಳೆಯ ಮನೆಗಳ ಸೀಸದ ಪೇಂಟಿನ ಸಮಸ್ಯೆ ಇಲ್ಲ. ಮಹೇಶ ರಜೆ ಹಾಕಿ ಮನೆಯಲ್ಲಿದ್ದ, ತಾನೇ ಮುಂದೆ ನಿಂತು ತೋರಿಸಿದ. ಗದಗಿನಿಂದ ಬಂದದ್ದನ್ನೆಲ್ಲ ಡೈನಿಂಗ್ ಟೇಬಲ್ ಮೇಲೆ ಸಾಲಾಗಿ ಇಟ್ಟಿದ್ದನಂತೆ: ಕಾಡಿಗೆ, ಕುಂಕುಮ, ಅರಿಶಿನ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿಯ ಭರಣಿ. ಮನೆಯಲ್ಲಿ ಯಾರಾದರೂ ಸೀಸ ಬಳಸುವ ಹವ್ಯಾಸ ಇಟ್ಟುಕೊಂಡಿದ್ದಾರೆಯೇ, ಬಣ್ಣದ ಗಾಜಿನ ಕೆಲಸ, ಗಾಳದ ತೂಕ, ಗುಂಡು, ಇಂಥದ್ದೇನಾದರೂ, ಎಂದು ಆಕೆ ಕೇಳಿದಳು. ಟೆನಿಸ್ ಆಡುತ್ತೇನೆ ಎಂದ. ಗ್ಯಾರೇಜ್ ನೋಡಬಹುದೇ ಎಂದಾಗ, ಮನೆ ಬದಲಿಸಿದಾಗಿನ ಡಬ್ಬಗಳು ಬಾಗಿಲ ತನಕ ತುಂಬಿವೆ, ಕಾಲಿಡಲು ಜಾಗವಿಲ್ಲ ಎಂದ. ಯಜಮಾನ ಬೇಡವೆಂದ ಮೇಲೆ ಆಕೆ ಬಲವಂತ ಮಾಡುವಂತಿಲ್ಲ.

ಲ್ಯಾಬಿನ ಉತ್ತರ ಬರಲು ವಾರಗಳು ಹಿಡಿಯುತ್ತವೆ. ನಮ್ಮ ಜನರಿಗೆ ಅಷ್ಟು ತಾಳ್ಮೆ ಎಲ್ಲಿದೆ? ಬೇರೆ ಮಕ್ಕಳನ್ನು ಕರೆತಂದ ತಾಯಂದಿರು ನನ್ನನ್ನೇ ಕೇಳಿದರು, ಆ ಗದಗಿನ ಅಜ್ಜಿಯ ಕೇಸು ಏನಾಯಿತು ಎಂದು. ಬೇರೆಯವರ ವಿಷಯ ನಾನು ಹೇಳುವಂತಿಲ್ಲ ಎಂದರೆ, ಗೊತ್ತು ಬಿಡಿ ಎಂಬಂತೆ ನಗುತ್ತಿದ್ದರು. ಮನೆಗೊಂದು ಅಡುಗೆ ತಂದು ಹಂಚಿಕೊಂಡು ತಿನ್ನುವ ನಮ್ಮವರ ಪಾಟ್‌ಲಕ್ ಊಟದಲ್ಲಿ, ಅತ್ತೆಯ ಕಾಡಿಗೆಯದೇ ಕೆಲಸ ಎಂದು ಮಹೇಶ ಎಲ್ಲರೆದುರು ಹೇಳಿದ್ದನಂತೆ. ಎಂ.ಎಸ್., ಪಿಎಚ್.ಡಿ. ಮಾಡಿದ ಜನ, ಪುರಾವೆ ಕಾಯದೆ ಒಬ್ಬ ಮುದುಕಿಯ ಮೇಲೆ ತೀರ್ಪು ಕೊಟ್ಟು, ಮೇಲೆ ಒಂದು ಗುಲಾಬ್ ಜಾಮೂನ್ ಬಾಯಿಗೆ ಹಾಕಿಕೊಂಡು ಮನೆಗೆ ಹೋಗಿದ್ದರು.

ಜೂನ್ ಕೊನೆಗೆ ಎರಡನೇ ಸಲ ರಕ್ತ ತೆಗೆದೆವು. ಸೂಜಿ ಚುಚ್ಚಿದಾಗ ಮಗು ಅತ್ತು, ಎರಡೂ ಕೈ ಚಾಚಿ ಅಜ್ಜಿಯ ಕಡೆ ಬಾಗಿತು. ಶಾಂತವ್ವ ಎದುರಿನ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದರು. ಎತ್ತಿಕೊಳ್ಳಿ ಎಂದೆ.

"ನಾ ಮುಟ್ಟೂದಿಲ್ರಿ ಬಾಯಾರ," ಎಂದರು. "ನನ್ನ ಕೈಯಾಗ ಏನೈತೋ ಏನೋ."

ಸುಧಾ ಮುಖ ಆಚೆ ತಿರುಗಿಸಿದಳು. ಶಾಂತವ್ವ ಕೂಸನ್ನು ಮುಟ್ಟುವುದನ್ನು ಬಿಟ್ಟು ಒಂದು ತಿಂಗಳಾಗಿತ್ತಂತೆ. ಊಟ ಮಾಡಿಸುವುದಿಲ್ಲ, ಎರೆಯುವುದಿಲ್ಲ. ಮಗುವನ್ನು ಡೇಕೇರಿಗೆ ಹಾಕಿದ್ದರು. ಮೊಮ್ಮಗಳನ್ನು ನೋಡಿಕೊಳ್ಳಲೆಂದೇ ಸಮುದ್ರ ದಾಟಿ ಬಂದ ಹೆಂಗಸು ದಿನವಿಡೀ ಒಂದು ಕೋಣೆಯಲ್ಲಿ ಕೂತಿರುತ್ತಿದ್ದರು.

ರಿಪೋರ್ಟ್ ಬಂತು, ಇಪ್ಪತ್ತಾರು. ಅದರ ಹಿಂದೆಯೇ ಲ್ಯಾಬಿನ ಉತ್ತರವೂ ಬಂತು. ಕಾಡಿಗೆಯಲ್ಲಿ ಸೀಸವಿಲ್ಲ. ಕುಂಕುಮ, ಅರಿಶಿನ, ಭರಣಿ, ಯಾವುದರಲ್ಲೂ ಇಲ್ಲ. ಕೂಡಲೇ ಫೋನ್ ಮಾಡಿ ಹೇಳಿದೆ. ಸುಧಾ ಅತ್ತಳು. ಮಹೇಶ ಮಾತ್ರ, ಇದು ಬೇರೆ ಡಬ್ಬಿ ಇರಬಹುದು, ಊರಲ್ಲಿ ಹಚ್ಚಿದ್ದು ಬೇರೆ ಇರಬಹುದು ಎಂದು ವಾದಕ್ಕೆ ನಿಂತ. ಅವನಿಗೆ ನಾನು ಲೆಕ್ಕ ಹೇಳಿದೆ. ಸೀಸ ಬರುವುದು ನಿಂತರೆ ರಕ್ತದಲ್ಲಿ ಅದು ಮೆಲ್ಲಗೆ ಇಳಿಯುತ್ತದೆ. ಗದಗಿನಲ್ಲಿ ಬಂದದ್ದಾಗಿದ್ದರೆ ಈ ಹೊತ್ತಿಗೆ ಇಳಿಯಬೇಕಿತ್ತು. ಏರುತ್ತಿದೆ ಎಂದರೆ ಈಗಲೂ ಎಲ್ಲಿಂದಲೋ ಬರುತ್ತಿದೆ. ಮನೆಯವರೆಲ್ಲ ರಕ್ತ ಕೊಡಿ ಎಂದೆ. ಸುಧಾ, ಶಾಂತವ್ವ ಕೊಟ್ಟರು, ಇಬ್ಬರದೂ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಮಹೇಶನಿಗೆ ಪ್ರಾಡಕ್ಟ್ ರಿಲೀಸ್ ಇತ್ತು, ಪುರುಸೊತ್ತಿರಲಿಲ್ಲ.

ಆಗಸ್ಟಿನಲ್ಲಿ ಮೂವತ್ತಮೂರಾಯಿತು. ಔಷಧಿಯ ಗೆರೆ ಹತ್ತಿರ ಬರುತ್ತಿತ್ತು. ಅನಘಾ ಊಟ ಬಿಟ್ಟಿದ್ದಳು, ಹೊಸ ಮಾತು ಕಲಿಯುವುದು ನಿಂತಿತ್ತು. ಅದೇ ವಾರ ಸುಧಾ ಹೇಳಿದಳು, ಅವ್ವನ ಟಿಕೆಟ್ಟನ್ನು ಮಹೇಶ ಹಿಂದಕ್ಕೆ ಎಳೆದಿದ್ದಾನೆ, ಬರುವ ವಾರವೇ ಹೋಗುತ್ತಾರೆ ಎಂದು. ಅವರು ಹೋದರೆ ಕಡಿಮೆಯಾಗುತ್ತದೋ ಇಲ್ಲವೋ ಗೊತ್ತಾಗುತ್ತದೆ ಎಂಬುದು ಅವನ ತರ್ಕ. ನನಗೆ ಮೈ ಉರಿಯಿತು. ಅಮೆರಿಕದಲ್ಲಿ ಡಾಕ್ಟರುಗಳು ಮನೆಗೆ ಹೋಗುವ ಪದ್ಧತಿ ಇಲ್ಲ. ನಾನು ಬರುತ್ತೇನೆ ಎಂದೆ.

ಬುಧವಾರ ಮಧ್ಯಾಹ್ನ ಹೋದೆ. ಸುಧಾ ಮಗುವನ್ನು ಡೇಕೇರಿನಿಂದ ಕರೆತರಲು ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು. ಬೆಲ್ ಒತ್ತಿದರೆ ಶಾಂತವ್ವ ಕಿಟಕಿಯಿಂದ ಕೈ ಮಾಡಿ ಪಕ್ಕಕ್ಕೆ ಬರಲು ಹೇಳಿದರು. ಮುಂಬಾಗಿಲು ತೆಗೆದರೆ ಅಲಾರಂ ಕೂಗುತ್ತದೆ, ಅದನ್ನು ಆರಿಸಲು ಅವರಿಗೆ ಬಾರದು. ಅವರಿಗೆ ಗೊತ್ತಿದ್ದದ್ದು ಗ್ಯಾರೇಜಿನ ಗುಂಡಿಯೊಂದೇ. ಅಲ್ಲದೆ ಆ ಮನೆಯವರು ಯಾರೂ ಮುಂಬಾಗಿಲಿನಿಂದ ಓಡಾಡುತ್ತಿರಲಿಲ್ಲ. ಅದು ಅತಿಥಿಗಳಿಗೆ, ಪೂಜೆಯ ದಿನಕ್ಕೆ. ಮನೆಯವರು ಕಾರಿನಿಂದ ಇಳಿದು, ಗ್ಯಾರೇಜಿನೊಳಗೆ ಚಪ್ಪಲಿ ಬಿಟ್ಟು, ಬಟ್ಟೆ ಒಗೆಯುವ ಕೋಣೆ ದಾಟಿ ಅಡುಗೆಮನೆಗೆ ಹೋಗುತ್ತಿದ್ದರು. ನಮ್ಮವರ ಬಹುತೇಕ ಮನೆಗಳಲ್ಲಿ ಹೀಗೆಯೇ. ಚಪ್ಪಲಿ ಸ್ಟ್ಯಾಂಡು ಇರುವುದು ಗ್ಯಾರೇಜಿನಲ್ಲಿ.

ಗ್ಯಾರೇಜಿನ ಬಾಗಿಲು ಮೇಲೆದ್ದಿತು. ಒಳಗೆ ಡಬ್ಬಗಳ ರಾಶಿ ಇರಲಿಲ್ಲ. ಅಚ್ಚುಕಟ್ಟಾಗಿತ್ತು. ನಾನೂ ಎಲ್ಲರಂತೆ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಬಿಟ್ಟೆ, ಅನಘಾಳ ಪುಟ್ಟ ಸ್ಯಾಂಡಲ್ ಪಕ್ಕದಲ್ಲಿ. ಬರಿಗಾಲಲ್ಲಿ ನಡೆದು ಮೆಟ್ಟಿಲು ಹತ್ತುವಾಗ ಕಾಲಿಗೆ ಪುಡಿ ಪುಡಿ ಹತ್ತಿದಂತಾಯಿತು. ಅಂಗಾಲು ತಿರುಗಿಸಿ ನೋಡಿದೆ. ಬೂದು ಬಣ್ಣ, ನಡುವೆ ಹೊಳೆಯುವ ಕಣಗಳು.

ಸ್ಟ್ಯಾಂಡಿಗೆ ತಾಗಿಕೊಂಡೇ ಒಂದು ಕೆಲಸದ ಮೇಜು. ಅದರ ಮೇಲೆ ವಿದ್ಯುತ್ತಿನ ಸಣ್ಣ ಒಲೆಯಂಥ ಪಾತ್ರೆ, ಒಂದು ಸೌಟು, ಇಕ್ಕಳದಂತೆ ಹಿಡಿಕೆಯಿದ್ದ ಅಚ್ಚು. ಮಡಿಸಿಟ್ಟ ಟವೆಲ್ಲಿನ ಮೇಲೆ ಬೆರಳ ತುದಿಯಷ್ಟುದ್ದದ ಗುಂಡುಗಳು, ಮಂಕು ಬೆಳ್ಳಿಯ ಬಣ್ಣ. ಪಕ್ಕದಲ್ಲಿ ಮುಚ್ಚಳವಿಲ್ಲದ ಕಾಫಿ ಡಬ್ಬಿಯ ತುಂಬ ಬೂದಿಯಂಥ ಕಿಟ್ಟ. ಶೆಲ್ಫಿನಲ್ಲಿ ಖಾಲಿ ತೋಟಾಗಳು, ಜಿಂಕೆಯ ಚಿತ್ರವಿದ್ದ ಒಂದು ಪೆಟ್ಟಿಗೆ.

ಇದೇನು ಎಂದು ಶಾಂತವ್ವನವರನ್ನು ಕೇಳಿದೆ.

"ಅಳ್ಯಾರದ್ರಿ. ಆಯ್ತಾರಕ್ಕೊಮ್ಮೆ ಕರಗಿಸಿ ಅಚ್ಚಿಗೆ ಹೊಯ್ತಾರ. ಚುಕ್ಕಿ ನೋಡೂ ದುರ್ಬೀನಿಗೆ ತೂಕದ ಗುಂಡಂತ. ಕೂಸು ಅಪ್ಪ ಬೇಕಂತ ಈ ಮೆಟ್ಟಲ ಮ್ಯಾಲನ ಕುಂತಿರತೈತಿ."

ಸುಧಾಗೂ ಅವನು ಹೇಳಿದ್ದು ಅದನ್ನೇ. ಆಫೀಸಿನ ಗೆಳೆಯರ ಜೊತೆ ಬೆಟ್ಟಕ್ಕೆ ನಕ್ಷತ್ರ ನೋಡಲು ಹೋಗುತ್ತೇವೆ, ಟೆಲಿಸ್ಕೋಪು ಅಲುಗದಂತೆ ತೂಕ ಬೇಕು ಎಂದು. ಕರಗಿಸುತ್ತಿರುವುದು ಸೀಸ ಎಂದು ಮಾತ್ರ ಹೇಳಿರಲಿಲ್ಲ. ಗುಂಡುಗಳು ಆರುತ್ತಿದ್ದ ಟವೆಲ್ ಯಾರು ಒಗೆಯುತ್ತಾರೆ ಎಂದು ಕೇಳಿದೆ. ನಾನೇ, ಕೂಸಿನ ಅರಿವೆಯ ಜೊತೆಗೇ ಮಷೀನಿಗೆ ಹಾಕುತ್ತೇನೆ ಎಂದರು ಶಾಂತವ್ವ. ಮಗುವನ್ನು ಮುಟ್ಟದಿದ್ದರೂ ಅದರ ಬಟ್ಟೆಯನ್ನಾದರೂ ಒಗೆಯೋಣ ಎಂಬ ಆಸೆ ಅವರಿಗೆ.

ಆಮೇಲೆ ಓದಿ ತಿಳಿದದ್ದನ್ನು ಇಲ್ಲೇ ಹೇಳುತ್ತೇನೆ. ಜಿಂಕೆ ಬೇಟೆಗೆ ಗುಂಡನ್ನು ಮನೆಯಲ್ಲೇ ಎರಕ ಹೊಯ್ಯುವವರು ಅಮೆರಿಕದಲ್ಲಿ ಬಹಳ ಮಂದಿ ಇದ್ದಾರೆ. ಟೈರ್ ಅಂಗಡಿಗಳಿಂದ ಚಕ್ರಕ್ಕೆ ಹಾಕುವ ಸೀಸದ ಹಳೆಯ ತೂಕಗಳನ್ನು ತಂದು ಕರಗಿಸುತ್ತಾರೆ. ಚೂರು ಮೇಣ ಹಾಕಿ ಕಲಕಿದರೆ ಕೊಳೆ ಮೇಲೆ ತೇಲುತ್ತದೆ, ಅದನ್ನು ತೆಗೆದುಹಾಕಿ ಶುದ್ಧ ಸೀಸವನ್ನು ಅಚ್ಚಿಗೆ ಸುರಿಯುತ್ತಾರೆ. ಬಿಸಿ ಗುಂಡು ಜಜ್ಜದಂತೆ ಮೆತ್ತಗಿನ ಬಟ್ಟೆಯ ಮೇಲೆ ಬೀಳಿಸುತ್ತಾರೆ. ಎಲ್ಲಕ್ಕಿಂತ ಅಪಾಯ ಆ ತೆಗೆದ ಕಿಟ್ಟದ್ದು, ಪುಡಿಯಾಗಿ ಹಾರುತ್ತದೆ. ಜವಾಬ್ದಾರಿಯುಳ್ಳ ಬೇಟೆಗಾರರು ಇದನ್ನು ಮನೆಯಿಂದ ದೂರದ ಶೆಡ್ಡಿನಲ್ಲಿ ಮಾಡುತ್ತಾರೆ, ಆ ಬಟ್ಟೆ ಬೂಟುಗಳನ್ನು ಒಳಗೆ ತರುವುದಿಲ್ಲ, ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಅವರ ಮೇಲೆ ನನ್ನ ತಕರಾರಿಲ್ಲ. ಮಹೇಶನಿಗೆ ಕಲಿಸಿದ ಅವನ ಮ್ಯಾನೇಜರ್ ಕೂಡ ಶೆಡ್ಡಿನಲ್ಲೇ ಮಾಡುತ್ತಿದ್ದನಂತೆ. ಆದರೆ ಆ ಮ್ಯಾನೇಜರನ ಮನೆಯಲ್ಲಿ ಯಾರೂ ಬಾಗಿಲಲ್ಲಿ ಬೂಟು ಬಿಡುವುದಿಲ್ಲ, ಬಿಟ್ಟರೂ ಎರಕದ ಮೇಜಿನ ಬುಡದಲ್ಲಿ ಬಿಡುವುದಿಲ್ಲ. ಇಲ್ಲಿ ಇಡೀ ಮನೆ ಸೀಸದ ಪುಡಿಯ ಮೇಲೆ ಬರಿಗಾಲಲ್ಲಿ ನಡೆದು ಅಡುಗೆಮನೆಗೆ, ಹಾಲಿನ ಕಾರ್ಪೆಟ್ಟಿಗೆ, ದೇವರ ಕೋಣೆಗೆ ಹೋಗುತ್ತಿತ್ತು. ಮನೆಯೊಳಗೆ ಹೊಲಸು ಬರಬಾರದೆಂದು ಚಪ್ಪಲಿ ಬಿಡುತ್ತಿದ್ದ ಜಾಗದಿಂದಲೇ ವಿಷ ಒಳಗೆ ಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ಅಜ್ಞಾನ ಎಂದು ಕ್ಷಮಿಸಬಹುದಿತ್ತು. ಆದರೆ ಮೇಜಿನ ಮೇಲಿನ ಮೊಳೆಗೆ ಒಂದು ಮಾಸ್ಕ್ ತೂಗುಹಾಕಿತ್ತು. ಎರಡೂ ಕೆನ್ನೆಗೆ ಫಿಲ್ಟರ್ ಇರುವ, ಕಾರ್ಖಾನೆಯವರು ಹಾಕಿಕೊಳ್ಳುವಂಥದ್ದು. ಈಚೆಗೆ ಕೊಂಡದ್ದೆಂದು ನೋಡಿದರೇ ತಿಳಿಯುತ್ತಿತ್ತು.

ಸುಧಾ ಬರುವಷ್ಟರಲ್ಲಿ ನಾನು ಶಾಂತವ್ವನವರನ್ನು ಹೊರಗೆ ಕರೆತಂದು ಡ್ರೈವ್‌ವೇಯಲ್ಲಿ ನಿಂತಿದ್ದೆ. ಮಗುವನ್ನು ಕಾರಿನಿಂದ ಇಳಿಸಬೇಡ, ಮಹೇಶನಿಗೆ ಬರಲು ಹೇಳು ಎಂದೆ. ಅವನ ಆಫೀಸು ದೂರವಿರಲಿಲ್ಲ. ಬಂದವನು ತೆರೆದ ಗ್ಯಾರೇಜನ್ನು ನೋಡಿದ, ನನ್ನನ್ನು ನೋಡಿದ, ಆಂಟಿ ಒಂದು ನಿಮಿಷ ಈ ಕಡೆ ಬನ್ನಿ ಎಂದು ಕಾರಿನ ಹಿಂದೆ ಕರೆದ.

ಅವನ ಮಾತು ಕೇಳಿದೆ. ಅಕ್ಟೋಬರಿನಲ್ಲಿ ಜಿಂಕೆ ಬೇಟೆ, ಎರಡು ವರ್ಷದಿಂದ ಹೋಗುತ್ತಿದ್ದಾನೆ. ಹಳೆಯ ಮಾದರಿಯ ರೈಫಲ್ಲಿಗೆ ಅಂಗಡಿಯ ಗುಂಡಿಗಿಂತ ಕೈಯಿಂದ ಎರೆದದ್ದೇ ಸರಿಯಾಗಿ ಕೂರುತ್ತದೆ. ಮಾಂಸ ತಾನು ತಿನ್ನುವುದಿಲ್ಲ, ಗೆಳೆಯರಿಗೆ ಕೊಡುತ್ತಾನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಜಿಂಕೆ ಹೊಡೆಯುತ್ತೇನೆಂದು ಅತ್ತೆಯ ಮುಂದೆ, ಜನರ ಮುಂದೆ ಹೇಗೆ ಹೇಳುವುದು? ಇದನ್ನೆಲ್ಲ ಹೇಳಿ, ಪರೀಕ್ಷೆಗೆ ಕಳಿಸದ ಬೇರೆ ಅರಿಶಿನದ ಪೊಟ್ಟಣದಿಂದ ಬಂತೆಂದು ಹೇಳಿಬಿಡಿ, ಗ್ಯಾರೇಜು ಇವತ್ತೇ ಕ್ಲೀನ್ ಮಾಡಿಸುತ್ತೇನೆ ಎಂದು ಕೇಳಿಕೊಂಡ.

ಆ ಮಾಸ್ಕ್ ಯಾವಾಗ ತಂದಿರಿ ಎಂದೆ.

"ಮೇ ತಿಂಗಳಲ್ಲೇ. ಪಾಪು ರಿಪೋರ್ಟ್ ಬಂದ ತಕ್ಷಣ ನನಗೂ ಡೌಟ್ ಬಂತು, ಆಂಟಿ. ಆರ್ಟೀಸಿಯಾಗೆ ಇಂಡಿಯನ್ ಸಾಮಾನು ತರೋಕೆ ಹೋದಾಗ ಇವರನ್ನ ಅಂಗಡಿ ಹತ್ರ ಬಿಟ್ಟು, ಅಲ್ಲೇ ಎಲ್.ಎ. ಕಡೆ ಒಂದು ಲ್ಯಾಬಲ್ಲಿ ಬ್ಲಡ್ ಕೊಟ್ಟೆ. ಮೂವತ್ತೆಂಟಿತ್ತು. ಅದಕ್ಕೇ ಮಾಸ್ಕ್ ತಂದೆ."

ತಾನು ಎಷ್ಟು ಜಾಗರೂಕ ಎಂದು ಸಾಬೀತು ಮಾಡುವ ಧ್ವನಿಯಲ್ಲಿ ಹೇಳಿದ. ಹೆಂಡತಿ, ಅತ್ತೆ ತರಕಾರಿ ಆರಿಸುತ್ತಿದ್ದಾಗ ಈತ ತನ್ನ ರಕ್ತ ಪರೀಕ್ಷೆ ಮಾಡಿಸಿದ್ದ. ಆಮೇಲೆ ಅದೇ ಅತ್ತೆಯ ಕಾಡಿಗೆ ಡಬ್ಬಿಯನ್ನು ತನಿಖಾಧಿಕಾರಿಯ ಮುಂದೆ ಇಟ್ಟಿದ್ದ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆ ಸಣ್ಣವಳಾಗಿದ್ದಾಗಿನಿಂದ ಕೇಳಿದ್ದೇನೆ. ಕೋತಿಗಾದರೂ ಮೊಸರಿನ ಹಸಿವಿತ್ತು.

ಗೊತ್ತಿದ್ದೂ ಯಾಕೆ ನಿಲ್ಲಿಸಲಿಲ್ಲ ಎಂದೆ.

"ಅಕ್ಟೋಬರ್‌ಗೆ ಸೀಸನ್ ಇತ್ತಲ್ಲ ಆಂಟಿ. ಇನ್ನೂ ಸ್ವಲ್ಪ ಎರೆಯೋದು ಉಳಿದಿತ್ತು, ಅಷ್ಟೇ."

ವೃತ್ತಿಯಲ್ಲಿ ಕುಡುಕ ತಂದೆಯರನ್ನು ನೋಡಿದ್ದೇನೆ, ಮಗುವನ್ನು ಹೊಡೆಯುವವರನ್ನು ನೋಡಿದ್ದೇನೆ. ಅವರ ಮೇಲೆ ಸಿಟ್ಟು ಬರುತ್ತಿತ್ತು. ಈ ಮನುಷ್ಯನ ಪಕ್ಕದಲ್ಲಿ ನಿಲ್ಲಲೇ ಅಸಹ್ಯವಾಯಿತು. ಸುಧಾ ಮಗುವಿನ ತಾಯಿ, ಅವಳಿಗೆ ಸತ್ಯ ಹೇಳದೆ ನಾನು ಇಲ್ಲಿಂದ ಹೋಗುವುದಿಲ್ಲ, ನೀವು ಹೇಳುತ್ತೀರೋ ನಾನು ಹೇಳಲೋ ಎಂದೆ.

ಅವನು ಹೆಂಡತಿಗೆ ಇಂಗ್ಲಿಷಿನಲ್ಲಿ ಹೇಳಿದ, ಬೇಗ ಬೇಗ. ಸುಧಾ ಕಾರಿನ ಬಾಗಿಲನ್ನು ಹಿಡಿದು ನಿಂತಳು. ಶಾಂತವ್ವನವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಕನ್ನಡದಲ್ಲಿ ಹೇಳಿ, ಅವರಿಗೂ ಹೇಳಿ ಎಂದೆ. ಅವನು ನೆಲ ನೋಡುತ್ತ ಹೇಳಿದ: ಸೀಸ ಗ್ಯಾರೇಜಿನದು, ನನ್ನದು, ಕಾಡಿಗೆಯದಲ್ಲ. ಬೇಟೆಯ ಮಾತನ್ನೂ ಹೇಳಿದ.

ಅವರು ಬೈಯುತ್ತಾರೆ, ಜಿಂಕೆ ಎಂಬ ಮಾತು ಕೇಳಿ ಶಿವ ಶಿವಾ ಎನ್ನುತ್ತಾರೆ ಎಂದುಕೊಂಡಿದ್ದೆ. ಶಾಂತವ್ವ ಅಳಿಯನ ಕಡೆ ನೋಡಲೂ ಇಲ್ಲ. ನನ್ನ ಕಡೆ ತಿರುಗಿದರು.

"ಹಂಗಾರ ನಾ ಕೂಸಿನ್ನ ಎತ್ಕೋಬೌದೇನ್ರಿ ಬಾಯಾರ?"

ಅಂದು ಸಂಜೆಯೇ ಸುಧಾ ತಾಯಿ, ಮಗಳನ್ನು ಕರೆದುಕೊಂಡು ಗೆಳತಿಯೊಬ್ಬಳ ಮನೆಗೆ ಹೋದಳು. ಸೀಸ ತೆಗೆಯುವ ಕೆಲಸಗಾರರು ಬಂದು ಗ್ಯಾರೇಜು ತೊಳೆದರು, ಕಾರ್ಪೆಟ್ ಕಿತ್ತು ಹಾಕಿದರು, ಚಪ್ಪಲಿಗಳನ್ನೆಲ್ಲ ಎಸೆದರು. ಟಿಕೆಟ್ ಮತ್ತೆ ಮುಂದಕ್ಕೆ ಹೋಯಿತು. ಅನಘಾಳ ಅಂಕಿ ಔಷಧಿಯ ಗೆರೆ ಮುಟ್ಟಲಿಲ್ಲ. ಮೆಲ್ಲಗೆ ಇಳಿದು, ಮುಂದಿನ ವರ್ಷ ಹತ್ತರ ಕೆಳಗೆ ಬಂತು. ಮಾತು ತಡವಾಯಿತು, ಸ್ಪೀಚ್ ಥೆರಪಿ ಬೇಕಾಯಿತು. ಅಷ್ಟು ತಿಂಗಳ ಸೀಸ ಅವಳಿಂದ ಏನು ಕಿತ್ತುಕೊಂಡಿತು ಎಂದು ಹೇಳುವ ಪರೀಕ್ಷೆ ನಮ್ಮಲ್ಲಿಲ್ಲ. ಸುಧಾ ಗಂಡನನ್ನು ಬಿಡಲಿಲ್ಲ. ಯಾಕೆಂದು ಕೇಳುವುದು ನನ್ನ ಕೆಲಸವಲ್ಲ.

2008ರಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಬಾಣಂತನಕ್ಕೆ ಶಾಂತವ್ವ ಮತ್ತೆ ಬಂದರು. ಮೊದಲ ತಪಾಸಣೆಗೆ ಕೂಸನ್ನು ಎದೆಗವಚಿಕೊಂಡು ಅವರೇ ತಂದರು. ಕೂಸಿನ ಕಣ್ಣು ಬೋಳಾಗಿತ್ತು, ಕೆನ್ನೆಗೆ ದೃಷ್ಟಿಬೊಟ್ಟೂ ಇಲ್ಲ. ನಿಮ್ಮ ಕಾಡಿಗೆಯಲ್ಲಿ ಏನೂ ಇಲ್ಲವೆಂದು ಅವತ್ತೇ ಸಾಬೀತಾಗಿದೆ, ಕಣ್ಣೊಳಗೆ ಬೇಡ, ಕೆನ್ನೆಗೆ ಒಂದು ಬೊಟ್ಟು ಇಡಿ ಎಂದೆ.

"ನಿಮ್ಮ ಲ್ಯಾಬು ಖರೇನ ಹೇಳೈತ್ರಿ," ಎಂದರು. "ಆದ್ರ ಅಳ್ಯಾರು ಇನ್ನೂ ಮಂದಿ ಮುಂದ ಕಾಡಿಗೀದನ ಅಂತ ಹೇಳ್ತಾರ. ನಾ ಈಗ ಹಚ್ಚಿದ್ರ ಅವರ ಮಾತು ಸುಳ್ಳಾಗತೈತಿ. ಮಗಳ ಸಂಸಾರ ನಡೀಬೇಕಲ್ರಿ."

ಸುಧಾ ಪಕ್ಕದಲ್ಲೇ ಇದ್ದಳು, ಕೇಳಿಸಿಕೊಂಡಳು, ಕೂಸಿನ ಟೋಪಿ ಸರಿಮಾಡಿದಳು.

ರೋಗಿಯ ಗುಟ್ಟನ್ನು ಕಾಯುವ ಪ್ರತಿಜ್ಞೆ ನನ್ನ ಬಾಯಿ ಕಟ್ಟಿತ್ತು. ಪಾಟ್‌ಲಕ್ ಊಟದ ಆ ಜನರ ಮುಂದೆ ನಿಂತು ನಿಜ ಹೇಳುವ ಹಕ್ಕು ನನಗಿರಲಿಲ್ಲ, ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ವೃತ್ತಿ ನನಗೆ ಕಲಿಸಿದ್ದು ಎರಡು. ನಾವು ಕೇಳುವ ಮುಂಚೆಯೇ ಅಪರಾಧಿಯನ್ನು ತಂದು ತೋರಿಸುವವನ ರಕ್ತವನ್ನು ಮೊದಲು ಪರೀಕ್ಷೆ ಮಾಡಬೇಕು. ಇನ್ನೊಂದು, ಮಗುವಿನ ಮೈಯಿಂದ ಸೀಸ ಇಳಿಸಲು ನಮಗೆ ದಾರಿಗಳಿವೆ, ಒಬ್ಬ ಮುದುಕಿಯ ಮೇಲೆ ಸುರಿದದ್ದನ್ನು ಇಳಿಸಲು ಇಲ್ಲ.